ಬಿಳಿ ಹಕ್ಕಿಯ ಕಾಲಿನ ಬಣ್ಣ

ಜನವರಿ ಹತ್ತೊಂಬತ್ತು, ಸೋಮವಾರ
ಸರೋವರ ಪೂರ್ತಿ ಹೆಪ್ಪುಗಟ್ಟಿದೆ

ನನ್ನ ಮುದ್ದು ಮೊಂಡಿಗೆ,

ಅಜ್ಜಿಯ ಆಶೀರ್ವಾದ. ಪ್ರತಿ ಸಲ "ಇಲ್ಲಿ ಎಲ್ಲರೂ ಕ್ಷೇಮ" ಎಂದು ಬರೆಯುತ್ತಿದ್ದೆ. ಈ ಸಲ ಹಾಗೆ ಬರೆಯಲು ಕೈ ಬರುತ್ತಿಲ್ಲ. ಮಗ್ಗಿ ತಲೆಗೆ ಹತ್ತದೆ ಹಳ್ಳಿ ಶಾಲೆ ಬಿಟ್ಟವಳು ನಾನು. ಒತ್ತು, ದೀರ್ಘ ತಪ್ಪಿದ್ದರೆ ಆಫೀಸಿನ ಕೆಂಪು ಪೆನ್ನು ಎತ್ತಬೇಡ. ಮೊದಲು ಪೂರ್ತಿ ಓದು.

ಈ ಚಳಿಗಾಲ ನಮ್ಮ ಉತ್ತರದ ದಡದಿಂದ ನಿನ್ನ ಹಕ್ಕಿ ಆಫೀಸಿಗೆ ಅಪರೂಪದ ಹಕ್ಕಿಗಳ ಸುದ್ದಿ ಬರುತ್ತಿತ್ತಲ್ಲ, ಪಕ್ಕದ ಮನೆಯ ಮೀನುಬಲೆಯವನ ಹೆಸರಿನಲ್ಲಿ? ಬಲೆಯವನು ತೀರಿಕೊಂಡು ವರ್ಷದ ಮೇಲಾಯಿತು. ಬದುಕಿದ್ದಾಗ ಅವನಿಗೆ ಕೋಳಿಗೂ ಬಾತುಕೋಳಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ, ಸತ್ತ ಮೇಲೆ ಹಕ್ಕಿಶಾಸ್ತ್ರ ಕಲಿತನೇ? ಅವನ ಅಂಚೆಪೆಟ್ಟಿಗೆ ಮಾತ್ರ ಇನ್ನೂ ಬೇಲಿಗೆ ನೇತಾಡುತ್ತಿದೆ. ಅದರಿಂದ ನಿನ್ನ ಉತ್ತರಗಳನ್ನು ತೆಗೆಯುತ್ತಿದ್ದವನು ನನ್ನ ಮಗ, ನಿನ್ನ ಅಪ್ಪ. ಸುದ್ದಿ ಬರೆಯುತ್ತಿದ್ದವನೂ ಅವನೇ.

ಅಕ್ಷರದ ಗುರುತು ಸಿಗಲಿಲ್ಲವಲ್ಲ ಎನ್ನುತ್ತೀಯ. ಹೇಗೆ ಸಿಗಬೇಕು? ಎಲೆ ಉದುರುವ ಕಾಲದಲ್ಲಿ ಒಂದು ದಿನ ಶೆಡ್ಡಿನಲ್ಲಿ ದೋಣಿಗೆ ಡಾಂಬರು ಬಳಿಯುತ್ತಿದ್ದ. ಬ್ರಷ್ ಕೈ ಜಾರಿತು, ಹಿಂದೆಯೇ ಅವನೂ ಜಾರಿದ. ಲಕ್ವ ಹೊಡೆದಿತ್ತು. ಅಂದಿನಿಂದ ಬಲಗೈ ಹಗ್ಗದ ಮೇಲಿನ ಟವೆಲ್ಲಿನ ಹಾಗೆ ಜೋತಾಡುತ್ತದೆ. ಎಡಗೈಯಲ್ಲಿ ಬರೆಯುತ್ತಾನೆ, ನಾಲಿಗೆ ಕಚ್ಚಿಕೊಂಡು, ಹೊಸದಾಗಿ ಸ್ಲೇಟು ಹಿಡಿದ ಮಗುವಿನಂತೆ. "ಅವಳಿಗೆ ತಿಳಿಸ್ಬೇಡ ಕಣಮ್ಮಾ. ಕನಿಕರಕ್ಕೆ ಬಂದ್ರೆ ಅದು ಬಂದ ಹಾಗಲ್ಲ" ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಆಣೆ ಮುರಿದಿದ್ದೇನೆ. ಪಾಪ ಬಂದರೆ ನನಗೇ ಬರಲಿ, ನನ್ನ ಮೂಟೆಯಲ್ಲಿ ಇನ್ನೊಂದು ಸೇರಿದರೆ ಯಾರಿಗೂ ಗೊತ್ತಾಗುವುದಿಲ್ಲ.

"ಹಕ್ಕಿ ಎಣಿಸೋಕೆ ಮನೆ ಬಿಡ್ತೀಯಾ? ಹೋಗೋಳು ಹಾಗೇ ಹೋಗು, ತಿರುಗಿ ಬರಬೇಡ" ಎಂದವನೇ ಬೆಳಗಾದರೆ ನೀನು ಬಿಟ್ಟುಹೋದ ದುರ್ಬೀನು ಹಿಡಿದು ಅಡುಗೆಮನೆಯ ಕಿಟಕಿಯಲ್ಲಿ ಕೂರುತ್ತಿದ್ದ. ಮೊದಲು ಯಾವುದೋ ಸಾಮಾನ್ಯ ಬಾತಿನ ಸುದ್ದಿ ಕಳಿಸಿದ. ಅಚ್ಚು ಹಾಕಿದ ಕಾರ್ಡು ಬಂತು, ಮುಖ ಸಣ್ಣದಾಯಿತು. ಆಮೇಲೆ ಕೆಂಪು ಕೊರಳಿನದೊಂದು ನಿಜವಾಗಿಯೇ ಬಂದು ಇಳಿಯಿತು. ಅದಕ್ಕೆ ನಿನ್ನ ಕೈಯಾರೆ ಬರೆದ ಕಾಗದ ಬಂತು. ಕೊಕ್ಕು ಹೇಗಿತ್ತು, ಒಂಟಿಯೋ ಜೊತೆಯೋ, ಎಷ್ಟು ಹೊತ್ತು ಇತ್ತು ಎಂದೆಲ್ಲ ಕೇಳಿದ್ದೆ. ಆ ದಿನ ಅವನು ಎರಡು ಸಲ ಬಡಿಸಿಕೊಂಡು ಉಂಡ.

ರುಚಿ ಹತ್ತಿತು ನೋಡು. ಸಾಮಾನ್ಯ ಹಕ್ಕಿಗೆ ಅಚ್ಚಿನ ಕಾರ್ಡು, ಅಪರೂಪದ್ದಕ್ಕೆ ಮಗಳ ಕೈಬರಹ. ತೀರಾ ಅಪರೂಪದ್ದಾದರೆ ಆಫೀಸಿನವರೇ ಬಂದು ಕಣ್ಣಾರೆ ನೋಡುತ್ತಾರೆ ಎಂದು ನೀನೇ ಬರೆದಿದ್ದೆ. ಅಲ್ಲಿಂದ ಮುಂದಿನ ಹಕ್ಕಿಗಳು ಸರೋವರಕ್ಕೆ ಬಂದವುಗಳಲ್ಲ, ನಿನ್ನ ಹಳೆಯ ಹಕ್ಕಿ ಪುಸ್ತಕದಿಂದ ಹಾರಿ ಬಂದವು. ನಾನು ಬೈದೆ: "ಅಯ್ಯೋ ಮಂಕೇ, ಎಷ್ಟು ಸುಳ್ಳು ಹಕ್ಕಿ ಸಾಕ್ತೀಯೋ? ಕೊನೆಗೆ ಪೊಲೀಸ್ರು ಬರ್ತಾರೆ ಅಷ್ಟೇ." "ಯಾರೋ ಒಬ್ರು ಬರ್ಲಿ ಬಿಡಮ್ಮ" ಎಂದ.

ನೀನು ಜಾಣೆ, ಹಿಡಿದುಬಿಟ್ಟೆ. ಹೋದ ವಾರದ ನಿನ್ನ ಕಾಗದವನ್ನು ಅವನು ನನಗೂ ಓದಿ ಹೇಳಿದ. "ಅಪ್ಪಟ ಬಿಳಿಯ ಕಡಲಹಕ್ಕಿ ಕಂಡೆನೆಂದು ಬರೆದಿದ್ದೀರಿ, ಕಾಲು ಕಪ್ಪಗಿದ್ದರೆ ಮಾತ್ರ ಅದು ಆ ಅಪರೂಪದ ಹಕ್ಕಿ, ಕಾಲಿನ ಬಣ್ಣವನ್ನೇ ನೀವು ಬರೆದಿಲ್ಲ. ಹಿಂದಿನವೂ ನಂಬುವಂತಿರಲಿಲ್ಲ. ಕೈಬರಹ ಓದಲಾಗುವುದಿಲ್ಲ. ಇನ್ನು ನಿಮ್ಮ ಸುದ್ದಿಗಳನ್ನು ತೆಗೆದುಕೊಳ್ಳುವುದಿಲ್ಲ." ನಿನ್ನ ತಪ್ಪೇನಿಲ್ಲ, ಮಗಳೇ. ಆದರೆ ಅದನ್ನು ಮಡಿಸಿ ಜೇಬಿಗಿಟ್ಟವನು ಮತ್ತೆ ದುರ್ಬೀನು ಮುಟ್ಟಲಿಲ್ಲ. ತಟ್ಟೆ ಇಟ್ಟರೆ ಇಟ್ಟಂತೆಯೇ ಇರುತ್ತದೆ. ಡಾಕ್ಟರು ಬಂದು ನೋಡಿ, ಇನ್ನೊಂದು ಸಲ ಹಾಗಾದರೆ ಉಳಿಯುವುದು ಕಷ್ಟ ಎಂದು ಬಾಗಿಲ ಹೊರಗೆ ಪಿಸುಗುಟ್ಟಿ ಹೋದರು.

ನಿನ್ನೆ ಹೇಳಿದ: "ಆ ಬಿಳೀದು ಮಾತ್ರ ನಿಜ ಕಣಮ್ಮಾ. ಹಿಮದಲ್ಲಿ ಹುದುಗಿ ಕೂತಿತ್ತು, ಕಾಲು ಕಾಣ್ಲಿಲ್ಲ." ನಾನು ಹೂಂ ಎಂದೆ. ಅದು ಎಂಥ ಹೂಂ ಎಂದು ಅವನಿಗೆ ತಿಳಿಯದೇ? ಗೋಡೆಯ ಕಡೆ ತಿರುಗಿ ಮಲಗಿದ.

ನೂಲಿನಂತೆ ಸೀರೆ. ಅಪ್ಪನ ಹಟವೇ ನಿನಗೂ ಬಂದಿದೆ, ನಡುವೆ ಅರೆಯುತ್ತಿರುವುದು ಮಾತ್ರ ಈ ಮುದುಕಿಯನ್ನು. ಬಾ ಎಂದು ನಾನು ಕೇಳುವುದಿಲ್ಲ. ಅಜ್ಜಿ ಕರೆದಳೆಂದು ಬಂದರೆ ಅದು ಅವನಿಗೂ ಒಗ್ಗದು, ನಿನಗೂ ಒಗ್ಗದು. ತಿಳಿಸುವುದು ತಿಳಿಸಿದ್ದೇನೆ.

ಇಂತಿ,
ಬಾಯಿ ಜೋರಿನ ನಿನ್ನ ಅಜ್ಜಿ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು: ಸೌದೆ ತರಲು ಶೆಡ್ಡಿಗೆ ಹೋಗಿದ್ದೆ. ಮಗುಚಿಟ್ಟ ದೋಣಿಯ ಮಗ್ಗುಲಲ್ಲಿ ಬಿದ್ದಿತ್ತು, ಸೆಟೆದು ಕಟ್ಟಿಗೆಯಾಗಿ. ಮೈಮೇಲೆ ಒಂದು ಚುಕ್ಕೆಯಿಲ್ಲ, ಹಿಮದಷ್ಟೇ ಬಿಳಿ. ಅವನಿಗೆ ಇನ್ನೂ ಹೇಳಿಲ್ಲ. ಅವನ ಒಂದು ನಿಜವನ್ನು ಹೀಗೆ ಸತ್ತ ಮೇಲೆ ತಂದು ಕೈಗಿಡಲು ಈ ಜೋರು ಬಾಯಿಗೂ ಧೈರ್ಯವಿಲ್ಲ. ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ಈ ಚಳಿಯಲ್ಲಿ ಹಕ್ಕಿ ಕೆಡುವುದಿಲ್ಲ, ನೀನು ಬರುವವರೆಗೆ ಇರುತ್ತದೆ. ನಿಮ್ಮಪ್ಪನ ವಿಷಯದಲ್ಲಿ ಡಾಕ್ಟರು ಹಾಗೆ ಹೇಳಲಿಲ್ಲ. ನೀನು ಕೇಳಿದ್ದೆಯಲ್ಲ, ಕಾಲು ಕಪ್ಪು.