ತಪ್ಪಾಯ್ತು ಅನ್ನಲು ಅಪ್ಪಣೆ

ಭಾನುವಾರ, ಊಟವಾದ ಮೇಲೆ

ಪ್ರೀತಿಯ ಗುಬ್ಬಿ,

ಹಾಗಂತ ನಾನೇನೂ ಅವನ ಕೈ ಕುಲುಕಲಿಲ್ಲ. ನಿನ್ನೆ ಫೋನಿನಲ್ಲಿ "ಅವನ ಕೈ ಕುಲುಕಿ ಬಂದ್ಯಾ ಅಪ್ಪಾ?" ಅಂತ ಕೇಳಿದ ನೀನು, ನಾನು ಉತ್ತರ ಹೇಳುವಷ್ಟರಲ್ಲಿ ಫೋನು ಇಟ್ಟೇಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಫೋನಾದರೆ ಅರ್ಧಕ್ಕೇ ಕಡಿಯುತ್ತೀಯ; ಕಾಗದವನ್ನು ಹರಿದರೂ ಪೂರ್ತಿ ಓದಿಯೇ ಹರಿಯುತ್ತೀಯ, ನಿಮ್ಮಮ್ಮನ ಹಾಗೆ. ಹೋದ ವಾರವೇ ಬರೆಯಬೇಕಿತ್ತು. ಕನ್ನಡಕದ ಕಡ್ಡಿ ಮುರಿದಿತ್ತು ಅಂತ ನೆಪ ಹೇಳಬಹುದಿತ್ತು, ಆದರೆ ಅದು ಮುರಿದದ್ದು ಮೊನ್ನೆ. ತಡವಾಯಿತು, ಬೈದುಕೊ.

ನನ್ನ ಸೊಂಟ ನೋವು ಇದ್ದ ಹಾಗೇ ಇದೆ. ಮೇಲಿನ ಮನೆಯವರು ನಲ್ಲಿ ರಿಪೇರಿ ಮಾಡಿಸಿದರು, ಆವತ್ತಿನಿಂದ ನಮ್ಮ ಬಚ್ಚಲ ಗೋಡೆ ಬೆವರುತ್ತಿದೆ. ನಿಮ್ಮಮ್ಮ ಇದ್ದಿದ್ದರೆ ಮೆಟ್ಟಿಲ ಮೇಲೇ ನಿಂತು ಅವರಿಗೆ ಬೆವರಿಳಿಸುತ್ತಿದ್ದಳು. ನಾನು ಒಂದು ಬಕೆಟ್ ಇಟ್ಟು ಸುಮ್ಮನಾಗಿದ್ದೇನೆ.

ಸರಿ, ವಿಷಯಕ್ಕೆ ಬರುತ್ತೇನೆ. ಕೋರ್ಟಿನ ಹಿಂದಿನ ಕಟ್ಟಡ, ಮೊದಲನೇ ಮಹಡಿ. ಬಾಗಿಲ ಮೇಲೆ 'ರೆಸ್ಟೋರೇಟಿವ್ ಜಸ್ಟಿಸ್ ಸೇವಾ ಕೇಂದ್ರ' ಅಂತ ಬೋರ್ಡು. ನನ್ನ ಕಾಲೇಜು ಇಂಗ್ಲಿಷಿನಲ್ಲಿ ಉಳಿದಿರುವ ಮಟ್ಟಿಗೆ ರಿಸ್ಟೋರ್ ಅಂದರೆ ಎಲ್ಲಿತ್ತೋ ಅಲ್ಲಿಗೆ ತಂದಿಡುವುದು. ಮೊದಲನೇ ದಿನವೇ ಅಲ್ಲಿನ ಮೇಡಂ ಹತ್ತಿರ, "ಏನನ್ನ ತಂದಿಡ್ತೀರಮ್ಮಾ?" ಅಂತ ಕೇಳಿಬಿಟ್ಟಿದ್ದೆ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. "ಯಾವುದನ್ನೂ ತಂದಿಡೋಕಾಗಲ್ಲ ಸರ್. ನಿಮಗೆ ಕೇಳೋದು ಏನಾದ್ರೂ ಇದ್ರೆ, ಉತ್ತರ ಗೊತ್ತಿರೋನನ್ನ ನಿಮ್ಮ ಮುಂದೆ ಕೂರಿಸ್ತೀನಿ, ಅಷ್ಟೇ" ಅಂದರು. ಆ ಒಂದು ಮಾತಿಗೇ ನಾನು ಒಪ್ಪಿದ್ದು. ಅವನ ವ್ಯಾನು ಗುದ್ದಿದ ಮೇಲೆ ನಿಮ್ಮಮ್ಮನ ಹತ್ತಿರ ಇದ್ದವನು ಅವನೊಬ್ಬನೇ ಅಲ್ಲವೇ? ಅವಳು ಕೊನೆಗೆ ಏನಾದರೂ ಅಂದಳಾ ಅನ್ನುವುದನ್ನು ಬೇರೆ ಯಾರನ್ನು ಕೇಳಲಿ ಹೇಳು.

ಅಲ್ಲಿ ಎಲ್ಲಕ್ಕೂ ಒಂದು ಕ್ರಮ ಇದೆ. ಅವನನ್ನೂ ನನ್ನನ್ನೂ ಬೇರೆ ಬೇರೆ ಕರೆಸಿ ತಿಂಗಳುಗಟ್ಟಲೆ ಮಾತಾಡಿಸಿದರು. ಒಳಗೆ ಯಾರು ಮೊದಲು ಬರಬೇಕು, ಯಾರು ಮೊದಲು ಮಾತಾಡಬೇಕು, ಬಾಗಿಲ ಪಕ್ಕದ ಕುರ್ಚಿ ಯಾರಿಗೆ, ಎಲ್ಲ ನನ್ನನ್ನೇ ಕೇಳಿದರು. ನನ್ನ ಮದುವೆಯಲ್ಲೂ ನನ್ನನ್ನು ಯಾರೂ ಇಷ್ಟು ಕೇಳಿರಲಿಲ್ಲ. ಕೊನೆಯಲ್ಲಿ, ಅವನು ಕ್ಷಮೆ ಕೇಳುವುದು ಬೇಕೋ ಬೇಡವೋ ಅಂದರು. ನನಗೆ ನಿನ್ನ ಮಾತು ನೆನಪಾಯಿತು: "ಒಂದು ಕ್ಷಮೆ ಬಿಸಾಕಿ ಕೈ ತೊಳ್ಕೊಂಡು ಹೋಗ್ತಾನೆ ಅಪ್ಪಾ, ನೋಡ್ತಿರು." ನಿನ್ನ ಪಾಲನ್ನೂ ಸೇರಿಸಿ ಹೇಳಿದೆ: "ನಂಗೂ ಬೇಡ, ನನ್ನ ಮಗಳಿಗೂ ಬೇಡ. ಆ ಮಾತು ಅವನ ಬಾಯಿಂದ ಬಂದ್ರೆ ನಾನು ಎದ್ದು ಹೋಗ್ತೀನಿ. ದಿಸ್ ಈಸ್ ಅವರ್ ಕಂಡೀಷನ್." ಇಂಗ್ಲಿಷಿನಲ್ಲಿ ಹೇಳಿದರೆ ಗಟ್ಟಿಯಾಗಿರುತ್ತದೆ ಅಂತ ಹೇಳಿದ್ದು. ಗಟ್ಟಿಯಾಗಿಯೇ ಕೂತುಬಿಟ್ಟಿತು.

ಅವನು ಬಂದ. ದೊಡ್ಡ ಆಳು. ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಂಡು ಉಸಿರು ಕಟ್ಟಿದವನ ಹಾಗೆ ಕೂತಿದ್ದ. ಜೈಲಿನಿಂದ ಬಂದ ಮೇಲೆ ಸ್ಟಿಯರಿಂಗ್ ಮುಟ್ಟಿಲ್ಲವಂತೆ, ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಾನೆ. ಜೊತೆಗೆ ಅವನ ಅಕ್ಕ ಬಂದಿದ್ದಳು. ತಮ್ಮ ಕಡೆಯವರೊಬ್ಬರನ್ನು ಕರೆತರಬಹುದು ಅಂತ ನಿಯಮ. ನನ್ನ ಪಕ್ಕದ ಕುರ್ಚಿ ನಿನಗೆ ಅಂತ ಇಟ್ಟಿದ್ದರು. ನನ್ನ ಛತ್ರಿ ಅದರ ಮೇಲಿತ್ತು.

ಅವನು ಆವತ್ತಿನದನ್ನೆಲ್ಲ ಹೇಳಿದ. ರಾತ್ರಿ ಪಾಳಿ ಮುಗಿಸಿ ಮತ್ತೆ ಬೆಳಗಿನ ಲೋಡು ಹಾಕಿಕೊಂಡದ್ದು, ತಿರುವಿನಲ್ಲಿ ಬಿಸಿಲು ಕಣ್ಣಿಗೆ ಹೊಡೆದದ್ದು, ಹೆದರಿ ಓಡಿಹೋದದ್ದು, ಆಮೇಲೆ ತಾನಾಗಿಯೇ ಠಾಣೆಗೆ ಬಂದದ್ದು. ಹೇಳಿ ಮುಗಿಸಿ ಬಾಯಿ ತೆರೆದ, ಮುಚ್ಚಿದ. ಮತ್ತೆ ತೆರೆದ, ಮುಚ್ಚಿದ. ಅಕ್ಕ ಮೊಣಕೈಯಲ್ಲಿ ತಿವಿದಳು.

"ಹೇಳೋ! ಬಾಯಿಗೇನು ಬೀಗ ಬಿದ್ದಿದೆಯಾ?"

"ಹೇಳೋ ಹಾಗಿಲ್ಲ ಅಕ್ಕಾ."

"ಯಾಕೋ?"

ಅವನು ನನ್ನನ್ನು ನೋಡಿದ. ಮೇಡಂ, "ಹಾಗಂತ ಮೊದಲೇ ಮಾತಾಗಿದೆಯಮ್ಮಾ" ಅಂದರು.

"ಇದೊಳ್ಳೆ ಕಥೆ ಆಯ್ತಲ್ಲ ಮೇಡಂ! ತಪ್ಪಾಯ್ತು ಅನ್ನೋಕೂ ಅಪ್ಪಣೆ ಬೇಕಾ? ಬಚ್ಚಲಲ್ಲಿ ನಿಂತ್ಕೊಂಡು ದಿನಾ ಹೇಳಿ ಹೇಳಿ ಪ್ರಾಕ್ಟೀಸ್ ಮಾಡಿದಾನೆ. ನನ್ನ ಮಕ್ಕಳಿಗೆಲ್ಲ ಬಾಯಿಪಾಠ ಆಗೋಗಿದೆ!"

ನನಗೆ ನಗು ಬಂದುಬಿಟ್ಟಿತು ಗುಬ್ಬಿ. ನಕ್ಕದ್ದಕ್ಕೆ ನಾಚಿಕೆಯೂ ಆಯಿತು. ಆಮೇಲೆ, ಅವನು ಅದನ್ನು ಹೇಳಲಿ ಅನ್ನಿಸಿತು. ಯಾಕೆ ಅಂತ ಕೇಳಬೇಡ. ಬಾಯಾರಿಕೆಗೆ ಯಾಕೆ ಅಂತ ಯಾರಾದರೂ ಹೇಳುತ್ತಾರಾ?

ಮೇಡಂ ನನ್ನ ಮುಖ ನೋಡಿ ತಿಳಿದುಕೊಂಡರು ಅಂತ ಕಾಣುತ್ತದೆ. "ಸರ್, ಮನಸ್ಸು ಬದಲಾದ್ರೆ ಈಗ್ಲೂ ಹೇಳಬಹುದು. ಆದ್ರೆ ಷರತ್ತು ನಿಮ್ಮಿಬ್ಬರದ್ದು. ಮಗಳ ಪಾಲಿನದನ್ನ ಮಗಳೇ ತೆಗೀಬೇಕು" ಅಂದರು. ಹೂಂ ಅಂದರೆ ನೀನು ನನ್ನ ಕೈಬಿಟ್ಟು ಹೋಗುತ್ತೀಯ. ಉಹೂಂ ಅಂದರೆ ಅವನು ಅದನ್ನು ಹೊತ್ತುಕೊಂಡು ಮನೆಗೆ ಹೋಗುತ್ತಾನೆ, ನಾನು ಬರಿಗೈಯಲ್ಲಿ ಬರುತ್ತೇನೆ. ಎರಡೂ ಅನ್ನಲಾಗದೆ ನೀರಿನ ಜಗ್ಗು ನೋಡುತ್ತ ಕೂತೆ. ಅವನೂ ಅದನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಹೊತ್ತು ಮುಗಿಯಿತು. ಅವನು ಎದ್ದು, ನಾನು ಹೊರಗೆ ಹೋಗುವವರೆಗೂ ಗೋಡೆಗೆ ಒತ್ತಿಕೊಂಡು ನಿಂತಿದ್ದ. ಅದೂ ಅಲ್ಲಿನ ನಿಯಮವೇ ಇರಬೇಕು.

ನಾವಿಬ್ಬರೂ ಒಪ್ಪಿದರೆ ಇನ್ನೊಂದು ಸಲ ಕೂರಿಸುತ್ತಾರೆ. ಅವನು ಹೇಳುವುದು ಬೇರೆ, ನಾವು ಕ್ಷಮಿಸುವುದು ಬೇರೆ, ಕ್ಷಮಿಸಿ ಅಂತ ನಮ್ಮನ್ನು ಯಾರೂ ಒತ್ತಾಯ ಮಾಡುವ ಹಾಗಿಲ್ಲ ಅಂತ ಮೇಡಂ ಬಿಡಿಸಿ ಹೇಳಿದ್ದಾರೆ. ಹೇಳಲಿ ಅಂತ ಬಿಡೋಣವೇ? ಒಂದು ಸಾಲು ಬರಿ ಸಾಕು. ನೀನು ಬೇಡ ಅಂದರೆ ಬೇಡವೇ. ನಾನು ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ.

ಇನ್ನು ಅಮ್ಮನ ವಿಷಯ. ನಿನ್ನೆ ನೀನು ಫೋನು ಇಡುವ ಮೊದಲೇ ಹೇಳಿದೆನಲ್ಲ, ಅವಳು ಏನೂ ಅನ್ನಲಿಲ್ಲವಂತೆ. ಡಾಕ್ಟರು 'ಇನ್‌ಸ್ಟಂಟೇನಿಯಸ್' ಅಂದಾಗ ನಾನು ಪಿಳಿಪಿಳಿ ನೋಡುತ್ತಿದ್ದೆ. "ಆ ಕ್ಷಣಾನೇ ಅಪ್ಪಾ, ಅಮ್ಮನಿಗೆ ಗೊತ್ತೇ ಆಗಿಲ್ಲ" ಅಂತ ನೀನೇ ಬಿಡಿಸಿ ಹೇಳಿದ್ದು. ಆ ಮಾತನ್ನು ತಲೆಯ ಕೆಳಗಿಟ್ಟುಕೊಂಡು ನೀನು ನಿದ್ದೆ ಮಾಡುತ್ತಿದ್ದೀಯ ಅಂತ ನನಗೆ ಗೊತ್ತು. ಮಾಡು ತಾಯಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರಿಗೆ ನಾನು ಕೇಳಿದೆನೆಂದು ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಪ್ಪ

ವಿ. ಸೂ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಏನೂ ಅನ್ನಲಿಲ್ಲವಂತೆ ಅಂತ ಹೇಳಿದ್ದು ಸುಳ್ಳು. ಅವಳಿಗೆ ಎಚ್ಚರ ಇತ್ತಂತೆ. ಅವನು ಬಗ್ಗಿ ನೋಡಿದಾಗ ಅವನ ತೋಳು ಹಿಡಿದುಕೊಂಡು, "ಹೋಗ್ಬೇಡಪ್ಪಾ, ಒಂದು ಗಳಿಗೆ ಇಲ್ಲೇ ಇರು, ಭಯ ಆಗ್ತಿದೆ" ಅಂದಳಂತೆ. ಅವನು ಬಿಡಿಸಿಕೊಂಡು ವ್ಯಾನು ಹತ್ತಿದ. ಅವನು ಇದನ್ನು ಹೇಳಿ ಮುಗಿಸಿದ ಮೇಲೇ ಬಾಯಿ ಹಾಗೆ ತೆರೆದು ಮುಚ್ಚಿದ್ದು. ಇಷ್ಟು ವರ್ಷದಲ್ಲಿ ಭಯ ಆಗುತ್ತದೆ ಅಂತ ಅವಳು ನನ್ನ ಹತ್ತಿರ ಒಂದು ದಿನವೂ ಅಂದವಳಲ್ಲ. ಅಂದದ್ದು ಅವನ ಹತ್ತಿರ. ಮೆಲ್ಲಗೆ ಅಂದಳಾ, ಅಳುತ್ತ ಅಂದಳಾ, ಕೇಳಬೇಕೆಂದರೂ ಅವನ ಹತ್ತಿರವೇ ಹೋಗಬೇಕು. ಇದನ್ನು ನಿನಗೆ ಬರೆಯಬಾರದಿತ್ತು ಮಗಳೇ. ಹೊಡೆದುಹಾಕೋಣ ಅಂದರೆ ಕೈ ಬರುತ್ತಿಲ್ಲ, ಒಬ್ಬನೇ ಇಟ್ಟುಕೊಳ್ಳೋಣ ಅಂದರೆ ಆಗುತ್ತಿಲ್ಲ. ಇನ್ನೂ ಏನೋ ಹೇಳುವುದಿತ್ತು. ಕಿಟಕಿಯ ಬೆಳಕು ಹೋಗುತ್ತಿದೆ, ಬರೆದ ಸಾಲಿನ ಮೇಲೇ ಬರೆಯುತ್ತಿದ್ದೇನೆ ಅಂತ ಕಾಣು