ನಿನ್ನ ಕರಿ ಚಹಾ ಫ್ಲಾಸ್ಕಿನಲ್ಲಿದೆ

ಮಗನೇ,

ನಿನ್ನ ಕರಿ ಚಹಾ ಫ್ಲಾಸ್ಕಿನಲ್ಲಿದೆ. ಕುಡಿದು, ಇದನ್ನು ಪೂರ್ತಿ ಓದು.

ನಾನೂ ನಿನ್ನ ಹೆಂಡತಿಯೂ ಪುಟ್ಟಿಯನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ಖಾಲಿ ಹೊಟ್ಟೆಗೆ ಹಾಲಿನ ಸಕ್ಕರೆ ಕರಗಿಸಿದ ನೀರು ಕುಡಿಸಿ, ಎರಡು ಗಂಟೆಯಲ್ಲಿ ಐದು ಸಲ ಸೂಜಿ ಚುಚ್ಚುತ್ತಾರಂತೆ. ರಕ್ತದಲ್ಲಿ ಸಕ್ಕರೆ ಏರದಿದ್ದರೆ ಅವಳಿಗೆ ಹಾಲು ಅರಗುವುದಿಲ್ಲ ಎಂದು ಅರ್ಥ. ಐದು ಸೂಜಿ ಅಂದರೂ ಮಗು ಅಳಲಿಲ್ಲ. "ಅಪ್ಪ ಬರಲ್ಲ ತಾನೆ ಅಜ್ಜಿ?" ಅಂತ ಮಾತ್ರ ಕೇಳಿದಳು.

ನಿನ್ನೆ ಸಂಜೆ ನೀನು ಅವಳ ದವಡೆ ಅದುಮಿ ಹಾಲು ಸುರಿದೆ. ಲೋಟದ ಅಂಚು ತಾಗಿ ವಸಡು ಹರಿಯಿತು. ವಾಂತಿ ಮಾಡಿದ್ದಕ್ಕೆ ಸೌಟಿನಿಂದ ಬಾರಿಸಿದೆ. ಮೂಳೆ ಗಟ್ಟಿಯಾಗಲಿ ಅಂತ ಮೂಳೆಯನ್ನೇ ಮುರಿಯಲು ಹೊರಟೆಯಲ್ಲ. ಇನ್ನೊಮ್ಮೆ ಅವಳ ಮೇಲೆ ಕೈ ಎತ್ತಿದರೆ, ಆ ಕೈಯನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಬಡಿಯುತ್ತೇನೆ. ಹೆತ್ತ ಮಗನೆಂದು ಹಿಂದೆಮುಂದೆ ನೋಡುವವಳಲ್ಲ ನಾನು.

ಗೋಡೆಯ ಮೇಲಿನ ಹಾಲು, ರಕ್ತ ಎರಡನ್ನೂ ನೀನೇ ಒರೆಸು. ಸೌಟನ್ನು ಕಸದ ಡಬ್ಬಿಗೆ ಹಾಕಿದ್ದೇನೆ, ತೆಗೆಯಬೇಡ.

ಅವಳ ವಯಸ್ಸಿನಲ್ಲಿ ನೀನೂ ಹಾಲು ಕುಡಿದರೆ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದೆ. ನಾಟಕ ಅಂದುಕೊಂಡು ನಾನು ನಿನ್ನ ಮೂಗು ಹಿಡಿದು ಕುಡಿಸುತ್ತಿದ್ದೆ. ಕಕ್ಕಿದರೆ ಬಾರಿಸುತ್ತಿದ್ದೆ. ಅದೇ ಸೌಟು. ಚಹಾಕ್ಕೆ ಹಾಲು ಯಾಕೆ ಬೇಡ ಎಂದು ಇವತ್ತಿನವರೆಗೂ ನಿನ್ನನ್ನು ಕೇಳಲಿಲ್ಲ.

ನಾಳೆ ಬೆಳಿಗ್ಗೆ ಏನೂ ತಿನ್ನಬೇಡ, ಚಹಾವೂ ಬೇಡ. ನಿನ್ನ ಹೆಸರನ್ನೂ ಬರೆಸಿ ಬರುತ್ತೇನೆ. ಸೂಜಿ ಚುಚ್ಚುವಾಗ ನಿನ್ನ ಕೈ ನಾನು ಹಿಡಿದುಕೊಳ್ಳುತ್ತೇನೆ.

ಅಮ್ಮ