ಹದಿನಾಲ್ಕನೇ ಕಾಲಂ

ಆಲ್ಕೊಳ, ಶಿವಮೊಗ್ಗ
೧೩ ನವೆಂಬರ್ ೨೦೨೪, ಬುಧವಾರ

ಪ್ರೀತಿಯ ಮೋನಿಕಾ,

ನೀನು ಆಸ್ಪತ್ರೆಯ ಮೂರನೇ ಮಹಡಿಯಲ್ಲಿದ್ದೀಯ, ಇಲ್ಲಿಂದ ಆಟೋ ಹತ್ತಿದರೆ ಕಾಲು ಗಂಟೆಯ ದಾರಿ. ಆದರೂ ಕಾಗದ ಬರೆಯುತ್ತಿದ್ದೇನೆ. ನಮ್ಮಪ್ಪ ಕಾಗದದ ಮಿಲ್ಲಿನಿಂದ ತರುತ್ತಿದ್ದ ತುಂಡು ಹಾಳೆಗಳ ಮೇಲೆ, ಒಂದೇ ಕಾಂಪೌಂಡಿನ ಆಚೆ ಈಚೆ ಇದ್ದುಕೊಂಡೇ ಪತ್ರ ಬರೆದುಕೊಂಡವರು ನಾವು. ಎದುರಿಗೆ ನಿಂತು ಹೇಳಲಾಗದ್ದನ್ನೆಲ್ಲ ಹಾಗೆಯೇ ಹೇಳಿಕೊಂಡು ಬೆಳೆದೆವು. ಇದೂ ಎದುರಿಗೆ ಹೇಳಲಾಗದ್ದೇ.

ನಿನ್ನೆ ಹೇಳಲೆಂದೇ ಬಂದಿದ್ದೆ. ನೀನು ಐಸಿಯು ಬಾಗಿಲಿನಿಂದ ಎದ್ದು ಬಂದು, ನನ್ನ ಕೈಯಲ್ಲಿದ್ದ ಗಂಜಿಯ ಫ್ಲಾಸ್ಕು ಓರೆಯಾಗಿದ್ದನ್ನು ಕಂಡು, ಪೇರಲೆ ಮರದಿಂದ ಬಿದ್ದು ಮುರಿದ ಈ ಕೈ ಇನ್ನೂ ನೆಟ್ಟಗಾಗಲಿಲ್ಲವೇನೇ ಎಂದು ಛೇಡಿಸಿದೆ. ನಿಮ್ಮಪ್ಪ, ನಮ್ಮ ಹೊನ್ನಯ್ಯ ಮಾಮ, ಜೀವನ್ಮರಣದ ನಡುವೆ ಮಲಗಿರುವಾಗಲೂ ನಿನಗೆ ನನ್ನನ್ನು ನಗಿಸುವ ಮನಸ್ಸು. ನಿಮ್ಮಮ್ಮ ಪುಷ್ಪತ್ತೆ ನನ್ನ ತಲೆ ಸವರಿ, ನೀನೊಬ್ಬಳಾದರೂ ಟ್ರಸ್ಟಿನೊಳಗೆ ಇದ್ದೀಯಲ್ಲ ಮಗಾ, ನಮ್ಮ ಪರವಾಗಿ ಎರಡು ಮಾತು ಹೇಳು ಎಂದರು. ನಾನು ತಲೆಯಾಡಿಸಿದೆ. ಮೆಟ್ಟಿಲಿಳಿದು ಪಾರ್ಕಿಂಗಿನಲ್ಲಿ ಸ್ಕೂಟರ್ ಹಿಡಿದುಕೊಂಡು ಎಷ್ಟೋ ಹೊತ್ತು ನಿಂತಿದ್ದೆ.

ಶುಕ್ರವಾರ ಟ್ರಸ್ಟಿನ ವಿಚಾರಣೆ ಇದೆ. ಟ್ರಸ್ಟು ಕಟ್ಟಿಸುತ್ತಿದ್ದ ಹಾಸ್ಟೆಲ್ಲಿನ ತಾರಸಿಯ ಮೋಲ್ಡ್ ಕುಸಿದದ್ದಕ್ಕೆ ಸೆಂಟ್ರಿಂಗ್ ಮೇಸ್ತ್ರಿ ಹೊನ್ನಯ್ಯನವರ ನಿರ್ಲಕ್ಷ್ಯವೇ ಕಾರಣ, ಕಾಂಕ್ರೀಟು ಹಾಕುವಾಗ ಹಲಗೆಗೆ ಆಸರೆ ಕೊಟ್ಟ ಒಂದು ಜಾಕಿಯನ್ನು ಅವರೇ ಬಿಚ್ಚಿದರು ಎಂದು ಗುತ್ತಿಗೆ ಹಿಡಿದ ಯುವರಾಜ್ ಕಂಪನಿಯವರು ಬರೆದು ಕೊಟ್ಟಿದ್ದಾರೆ. ಪೊಲೀಸ್ ದೂರಿನಲ್ಲೂ ಅದೇ ಮಾತು. ಮಾಮ ಬದುಕಿ ಕಣ್ಣು ಬಿಟ್ಟರೆ ಎದುರಿಗೆ ಕೇಸು ಕಾದಿರುತ್ತದೆ. ಬದುಕದಿದ್ದರೆ ಆ ಹೆಸರು ಹಾಗೆಯೇ ಉಳಿಯುತ್ತದೆ. ಮಾಮ ಅಂಥವರಲ್ಲ ಎಂಬುದು ನಿನಗೆ ಗೊತ್ತು, ನನಗೂ ಗೊತ್ತು. ಆದರೆ ನನಗೆ ಬರೀ ಗೊತ್ತಿರುವುದಲ್ಲ, ನನ್ನ ಹತ್ತಿರ ಸಾಕ್ಷಿಯೂ ಇದೆ. ಒಂದು ವಾರದಿಂದ ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡು ಕೂತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ಹಾಸ್ಟೆಲ್ ಕಟ್ಟಲು ನಾಲ್ಕು ಜನ ಅರ್ಜಿ ಹಾಕಿದ್ದರು. ಕಡಿಮೆ ರೇಟು ಬರೆದವರಿಗೇ ಕೆಲಸ ಕೊಟ್ಟು ಹಿಂದೊಮ್ಮೆ ಕೈ ಸುಟ್ಟುಕೊಂಡಿದ್ದರಿಂದ, ಈ ಸಲ ಎಲ್ಲವನ್ನೂ ತೂಗಿ ನೋಡೋಣ ಎಂದು ಅಧ್ಯಕ್ಷ ಈಶ್ವರಪ್ಪನವರು ಟ್ರಸ್ಟಿನ ಎಂಜಿನಿಯರ್ ಆದ ನನಗೆ ಹೇಳಿದರು. ನನಗೆ ಹಬ್ಬ. ಎಂಟೆಕ್‌ನಲ್ಲಿ ನಾನು ಎರಡು ವರ್ಷ ಒದ್ದಾಡಿದ್ದು ಇದೇ ವಿಷಯದ ಮೇಲೆ. ರೇಟು, ಅನುಭವ, ಯಂತ್ರಗಳು, ಆಳುಗಳು, ಹಿಂದೆ ಕಟ್ಟಿಸಿಕೊಂಡವರ ಅಭಿಪ್ರಾಯ, ಸುರಕ್ಷತೆ ಎಂದು ಆರು ಅಂಶ. ಎರಡೆರಡನ್ನೇ ಎದುರುಬದುರು ಇಟ್ಟು, ಯಾವುದು ಹೆಚ್ಚು, ಎಷ್ಟು ಪಟ್ಟು ಹೆಚ್ಚು ಎಂದು ಒಂದರಿಂದ ಒಂಬತ್ತರೊಳಗೆ ಬರೆಯಬೇಕು. ಎರಡೂ ಸಮ ಅನ್ನಿಸಿದರೆ ಒಂದು. ಅದರಿಂದ ಪ್ರತಿ ಅಂಶದ ತೂಕ ಹೊರಡುತ್ತದೆ, ಆಮೇಲೆ ನಾಲ್ವರಿಗೂ ಅಂಕ ಹಾಕುವುದು. ಸಮಿತಿಯವರು ತೂಕ ಕೊಟ್ಟರು, ನಾನು ಕೂಡಿಸಿದೆ, ಯುವರಾಜ್ ಕಂಪನಿ ಮೇಲೆ ಬಂತು, ಮಾಮ ಮೂರನೆಯವರಾದರು. ನಿನಗೂ ಆಗ ಫೋನಿನಲ್ಲಿ ಹೀಗೆಯೇ ಹೇಳಿದ್ದೆ.

ಈಗ ಬರೆದದ್ದನ್ನು ಓದಿ ನೋಡಿದೆ. ಸಮಿತಿಯವರು ತೂಕ ಕೊಟ್ಟರು, ನಾನು ಕೂಡಿಸಿದೆ ಎಂದದ್ದು ಸುಳ್ಳು. ಹೊಡೆದು ಹಾಕಬಹುದಿತ್ತು, ಹಾಗೇ ಬಿಡುತ್ತೇನೆ. ನಿನಗೆ ಎಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂಬುದು ನಿನಗೂ ಕಾಣಲಿ.

ಸಮಿತಿಯ ಐದು ಜನವೂ ಹದಿನೈದೂ ಚೌಕಗಳಲ್ಲಿ ಒಂದು, ಒಂದು, ಒಂದು ಎಂದೇ ಬರೆದು ಕೊಟ್ಟರು. ರೇಟೂ ಸುರಕ್ಷತೆಯೂ ಸಮ, ಯಂತ್ರವೂ ಅನುಭವವೂ ಸಮ. ಯಾಕೆಂದರೆ ಅಧ್ಯಕ್ಷರ ಮನಸ್ಸಿನಲ್ಲಿ ಏನಿದೆಯೋ, ಅದಕ್ಕೆ ಅಡ್ಡ ಬರೆದು ಯಾಕೆ ಎದುರು ಹಾಕಿಕೊಳ್ಳಬೇಕು ಎಂದು ನಾಲ್ವರ ಲೆಕ್ಕ. ತಾನು ಹೇರಿದೆ ಅನ್ನಿಸಬಾರದೆಂದು ಅಧ್ಯಕ್ಷರದೂ ಒಂದೇ. ನಮ್ಮ ಕಡೆಯ ಮದುವೆ ಮನೆಗಳಲ್ಲಿ ಊಟ ಹೇಗಿತ್ತು ಎಂದು ಕೇಳಿದರೆ ಎಲ್ಲರೂ ಎಲ್ಲವೂ ಚೆನ್ನಾಗಿತ್ತು ಅನ್ನುತ್ತಾರಲ್ಲ, ಹಾಗೆ. ಕಾಫಿ ಕುಡಿದು, ಖಾಲಿ ಹಾಳೆಗಳಿಗೂ ಸಹಿ ಹಾಕಿ, ತೂಕ ನೀವೇ ತುಂಬಿಬಿಡಿ ಮೇಡಂ ಎಂದು ಎದ್ದರು. ಹೊರಡುವಾಗ ಈಶ್ವರಪ್ಪನವರು ಬಾಗಿಲ ಹತ್ತಿರ ನಿಂತು ಒಂದು ಮಾತು ಹೇಳಿದರು.

"ನೋಡಮ್ಮಾ, ಹೊನ್ನಯ್ಯ ನಿಮ್ ಕಡೆಯೋರಂತೆ. ನಾಳೆ ಯಾರೂ ಬೆರಳು ತೋರಿಸ್ಬಾರ್ದು, ಅಷ್ಟೇ ನಾನ್ ಹೇಳೋದು."

ಅವರು ಕೆಟ್ಟದ್ದೇನೂ ಹೇಳಲಿಲ್ಲ. ನಾನು ಅದನ್ನು ಎದೆಗೆ ಹಚ್ಚಿಕೊಂಡೆ.

ಮೊದಲ ಸಲ ನನ್ನ ಓದು ಹೇಳಿದಂತೆ ತೂಕ ತುಂಬಿದೆ. ಮಾಮ ಮೊದಲನೆಯವರಾಗಿ ಬಂದರು. ಖುಷಿಯಾಗಬೇಕಿತ್ತು, ಆಗಲಿಲ್ಲ. ತನ್ನವರಿಗೇ ಕೊಟ್ಟಳು ಅನ್ನುವ ಮಾತು ಆಗಲೇ ಕಿವಿಯಲ್ಲಿ ಕೇಳುತ್ತಿತ್ತು. ಕಟ್ಟಿಸಿಕೊಂಡವರ ಅಭಿಪ್ರಾಯಕ್ಕೆ ತೂಕ ಇಳಿಸಿದೆ. ಹೊಳಲೂರಿನಿಂದ ಭದ್ರಾವತಿಯವರೆಗೆ ಮಾಮ ಕಟ್ಟಿದ ಮನೆಯವರೆಲ್ಲ ಪುಟಗಟ್ಟಲೆ ಬರೆದು ಕೊಟ್ಟಿದ್ದರು, ಅದನ್ನೇ ಇಳಿಸಿದೆ. ಆಗಲೂ ಅವರೇ ಮೇಲೆ. ಯಂತ್ರಗಳ ತೂಕ ಏರಿಸಿದೆ. ಕೂದಲೆಳೆಯಷ್ಟು ಅಂತರದಲ್ಲಿ ಆಗಲೂ ಅವರೇ.

ಆಗ ಅರ್ಜಿಯ ಹದಿನಾಲ್ಕನೇ ಕಾಲಮ್ಮಿಗೆ ಬಂದೆ. ನಿಮ್ಮ ಕೆಲಸದ ಜಾಗದಲ್ಲಿ ಈವರೆಗೆ ಅಪಘಾತ ಆಗಿದೆಯೇ ಎಂಬ ಪ್ರಶ್ನೆ. ಉಳಿದ ಮೂವರೂ ಇಲ್ಲ ಎಂದು ಬರೆದಿದ್ದರು. ಮೂವತ್ತು ಕಟ್ಟಡ ಎಬ್ಬಿಸಿದವರ ಕೈಕೆಳಗೆ ಒಬ್ಬನಿಗೂ ಮೊಳೆ ಚುಚ್ಚಿಲ್ಲವಂತೆ, ನಾನು ನಂಬಿದೆ. ಮಾಮ ಮಾತ್ರ ಒಂದು ಎಂದು ಬರೆದು, ಇಪ್ಪತ್ತೇಳು ವರ್ಷದ ಹಿಂದಿನ ಒಂದು ಘಟನೆಯನ್ನು ತಮ್ಮ ದಪ್ಪ ಅಕ್ಷರದಲ್ಲಿ ವಿವರಿಸಿದ್ದರು. ಇಲ್ಲ ಎಂದವರಿಗೆ ಪೂರ್ತಿ ಅಂಕ ಕೊಟ್ಟು ಮಾಮನಿಗೆ ಸೊನ್ನೆ ಹಾಕಿದೆ. ಅವರು ಮೂರನೆಯ ಜಾಗಕ್ಕೆ ಇಳಿದರು. ನಾನು ತುಂಬಿದ ತೂಕಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರೀಕ್ಷಿಸುವ ಸೂತ್ರವೊಂದು ಆ ವಿಧಾನದಲ್ಲಿದೆ. ಅದರಲ್ಲಿಯೂ ಪಾಸಾದೆ. ಸಮಿತಿಯವರು ಎಷ್ಟು ವೈಜ್ಞಾನಿಕ ಎಂದು ಹೊಗಳಿದರು, ಶಾಲು ಹೊದಿಸಿದರು. ಆ ಶಾಲು ಈಗಲೂ ಕುರ್ಚಿಯ ಮೇಲಿದೆ.

ಫಲಿತಾಂಶ ಹಾಕಿದ ದಿನ ಮಾಮ ಆಫೀಸಿಗೆ ಬಂದಿದ್ದರು. ಎಲ್ಲಿ ಕಡಿಮೆಯಾಯಿತು ಎಂದು ಕೇಳಿದರು. ಸುರಕ್ಷತೆಯಲ್ಲಿ ಎಂದೆ, ಮುಖ ನೋಡದೆ. ಅವರು ಹೇಳಿದ್ದು ಇಷ್ಟೇ.

"ಆಯ್ತು ಬಿಡು ಮಗಾ. ಅಂಕ ಹಾಕೋದು ನಿನ್ ಕೆಲ್ಸ. ಇದ್ದಿದ್ದು ಬರ್ಯೋದು ನನ್ ಕೆಲ್ಸ."

ಒಂದು ಮಾತು ಬೈದಿದ್ದರೆ ನಾನು ಈ ಹೊತ್ತು ಇಷ್ಟು ನರಳುತ್ತಿರಲಿಲ್ಲವೇನೋ.

ಮುಂದಿನದು ನಿನಗೆ ಅರ್ಧ ಗೊತ್ತು. ಗೆದ್ದ ಯುವರಾಜ್ ಕಂಪನಿಯ ಹತ್ತಿರ ಯಂತ್ರಗಳಿದ್ದವು, ಸೆಂಟ್ರಿಂಗ್ ಬಲ್ಲ ಆಳುಗಳಿರಲಿಲ್ಲ. ಅವರು ಆ ಕೆಲಸವನ್ನು ಕೂಲಿ ಲೆಕ್ಕದಲ್ಲಿ ಮಾಮನ ತಂಡಕ್ಕೇ ಕೊಟ್ಟರು. ತಾನು ಕಟ್ಟಬೇಕಿದ್ದ ಕಟ್ಟಡಕ್ಕೆ ಮಾಮ ಮೇಸ್ತ್ರಿಯಾಗಿ ಬಂದರು. ಹಲಗೆ, ಜಾಕಿ ಎಲ್ಲ ಕಂಪನಿಯದು, ಮಾಮನದು ಬರೀ ಕೈ.

ಇನ್ನು ಗೊತ್ತಿಲ್ಲದ ಅರ್ಧ. ನವೆಂಬರ್ ನಾಲ್ಕು, ಸೋಮವಾರ ನಾನು ಸೈಟಿಗೆ ಹೋಗಿದ್ದೆ. ಸೈಟಿನ ಪುಸ್ತಕದಲ್ಲಿ ಮಾಮ ಬರೆದಿದ್ದರು: ಮೂಲೆಯ ಕಡೆ ಹೊಸದಾಗಿ ತುಂಬಿದ ಮಣ್ಣು ಮೆತ್ತಗಿದೆ, ಅಡಿಯಲ್ಲಿ ಹಲಗೆ ಕೊಡದೆ ಜಾಕಿ ನಿಲ್ಲಿಸಿದರೆ ಕೂರುತ್ತದೆ, ಇನ್ನೂ ನಲವತ್ತು ಜಾಕಿ ಬೇಕು, ಅಲ್ಲಿಯವರೆಗೆ ಮೋಲ್ಡ್ ಹಾಕಬೇಡಿ. ನಾನು ಓದಿದೆ. ಕೆಳಗೆ ನೋಡಿದೆ ಎಂದು ಬರೆದು ಸಹಿ ಹಾಕಿ ತಾರೀಕು ಹಾಕಿದೆ. ಅಭ್ಯಾಸಬಲದಿಂದ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಕಂಪನಿಯ ಸೂಪರ್‌ವೈಸರ್ ಮುರಳಿಗೆ ಫೋನ್ ಮಾಡಿ ಹೇಳಿದೆ, ಆಯ್ತು ಮೇಡಂ ಎಂದ. ಕೆಲಸ ನಿಲ್ಲಿಸಿ ಎಂದು ಬರೆದು ಕೊಡುವ ಅಧಿಕಾರ ನನಗಿತ್ತು. ಹೊನ್ನಯ್ಯನ ಮಾತು ಕೇಳಿ ಗೆದ್ದವರ ಕೆಲಸ ನಿಲ್ಲಿಸಿದಳು ಅಂದಾರು ಎಂದು ಸುಮ್ಮನಾದೆ. ಮತ್ತೆ ಅದೇ ಭಯ.

ಬುಧವಾರ ಬೆಳಗ್ಗೆ ಅವರು ಕಾಂಕ್ರೀಟು ಸುರಿದರು. ಮೂಲೆಯ ಜಾಕಿಗಳು ಕೂರುತ್ತಿದ್ದುದನ್ನು ಕಂಡು ಮಾಮ ಮೇಲಿನವರನ್ನೂ ಕೆಳಗಿನವರನ್ನೂ ಕೂಗಿ ಹೊರಗೆ ಕಳಿಸಿ, ಒಂದು ಜಾಕಿ ಬಿಗಿ ಮಾಡಲು ತಾವೊಬ್ಬರೇ ಒಳಗೆ ಹೋದರು. ಬಿಚ್ಚಲು ಅಲ್ಲ, ಬಿಗಿ ಮಾಡಲು. ಆಗಲೇ ಮೋಲ್ಡ್ ಅವರ ಮೇಲೆ ಕುಸಿದದ್ದು. ಆಳುಗಳೆಲ್ಲ ಕಣ್ಣಾರೆ ನೋಡಿದ್ದಾರೆ, ಆದರೆ ಈಗ ಎಲ್ಲರೂ ಕಂಪನಿಯ ಷೆಡ್ಡಿನಲ್ಲೇ ಇರುವವರು. ಸೈಟಿನ ಪುಸ್ತಕ ಆ ಸಂಜೆಯೇ ಕಾಣೆಯಾಯಿತು. ಉಳಿದಿರುವುದು ನನ್ನ ಫೋಟೋ ಒಂದೇ. ಅದು ಮಾಮನನ್ನು ಬಿಡಿಸುತ್ತದೆ, ನನ್ನನ್ನು ಹಿಡಿಸುತ್ತದೆ. ಅದಕ್ಕೇ ಮೋನಿ, ಅದಕ್ಕೇ ಒಂದು ವಾರ ಅದರ ಪ್ರಿಂಟನ್ನು ಸೀರೆಗಳ ಕೆಳಗೆ ಇಟ್ಟಿದ್ದು. ಕೆಲಸ ಹೋದರೆ ಅಮ್ಮನ ಗತಿ ಏನು, ಜೈಲಾದರೆ ಏನು ಎಂದು ಯೋಚಿಸುತ್ತಾ, ದಿನವೂ ನಿಮಗೆ ಗಂಜಿ ಕಾಯಿಸಿ ತರುತ್ತಿದ್ದೆ. ಆ ಗಂಜಿಯನ್ನು ನೀವು ಹೇಗೆ ಕುಡಿದಿರೋ.

ಈ ಕವರಿನಲ್ಲಿ ಮೂರು ಕಾಗದ ಇಟ್ಟಿದ್ದೇನೆ. ಮಾಮ ಮೊದಲಿಗರಾಗಿ ಬಂದ ಮೊದಲ ಪಟ್ಟಿ, ಸೈಟಿನ ಪುಸ್ತಕದ ಫೋಟೋದ ಪ್ರಿಂಟು, ಮತ್ತು ಮಾಮನ ಅರ್ಜಿಯ ಹದಿನಾಲ್ಕನೇ ಕಾಲಮ್ಮಿನ ಜೆರಾಕ್ಸು. ಫೋಟೋವನ್ನು ನಿನ್ನ ಮೊಬೈಲಿಗೂ ಕಳಿಸುತ್ತೇನೆ. ಶುಕ್ರವಾರ ನಾನೇ ಎದ್ದು ಹೇಳುತ್ತೇನೆ ಎಂದು ಬರೆಯಲು ಪೆನ್ನು ಎತ್ತಿದೆ, ಆಗಲಿಲ್ಲ. ನನ್ನ ಧೈರ್ಯದ ಮೇಲೆ ನನಗೆ ನಂಬಿಕೆ ಇಲ್ಲ, ಎರಡು ಸಲ ನೋಡಿಯಾಯಿತು. ಆದ್ದರಿಂದ ಇವು ನಿನ್ನ ಕೈಯಲ್ಲಿರಲಿ. ನಾನು ಎದ್ದು ಹೇಳದಿದ್ದರೆ ನೀನು ಕೊಡು. ನನ್ನ ಮುಖ ನೋಡಬೇಡ, ಬಾಲ್ಯ ನೆನೆಯಬೇಡ, ಪುಷ್ಪತ್ತೆ ಬೇಡ ಅಂದರೂ ಕೊಡು. ಕ್ಷಮಿಸು ಎಂದು ಕೇಳುವುದಿಲ್ಲ. ಮಾಮ ಒಂದು ಸಲ ಕಣ್ಣು ಬಿಟ್ಟರೆ ಸಾಕು, ಅದೊಂದನ್ನು ಮಾತ್ರ ಕಂಡ ದೇವರಿಗೆಲ್ಲ ಕೇಳುತ್ತಿದ್ದೇನೆ.

ನಿನ್ನವಳು ಎಂದು ಬರೆದುಕೊಳ್ಳುವ ಯೋಗ್ಯತೆ ಕಳೆದುಕೊಂಡ,
ಸಂಧ್ಯಾ

ಮರೆತದ್ದು: ಮರೆತಿರಲಿಲ್ಲ, ಬರೆಯಲು ಆಗಿರಲಿಲ್ಲ. ಹದಿನಾಲ್ಕನೇ ಕಾಲಮ್ಮಿನ ಜೆರಾಕ್ಸನ್ನು ನೀನು ಓದುವ ಮೊದಲು ನಾನೇ ಹೇಳಬೇಕು. ಮಾಮ ಬರೆದಿರುವುದು ಇದು: "ಒಂದು. ಕಾಗದನಗರದ ಭಜನಾ ಮಂದಿರದ ತಾರಸಿ ಕೆಲಸದಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಒಂಬತ್ತು ವರ್ಷದ ಒಂದು ಮಗು ಏಣಿ ಹತ್ತಿ ಬಿದ್ದು ಎಡಗೈ ಮುರಿಯಿತು. ಮಗುವಿನದು ತಪ್ಪಿಲ್ಲ. ಏಣಿ ತೆಗೆದಿಡದೆ ಊಟಕ್ಕೆ ಹೋದದ್ದು ನನ್ನ ತಪ್ಪು. ಅಂದಿನಿಂದ ಏಣಿ ತೆಗೆಯದೆ ತುತ್ತು ಎತ್ತಿಲ್ಲ." ಪೇರಲೆ ಮರದಿಂದ ಬಿದ್ದೆ ಎಂದು ಅಪ್ಪನ ಏಟಿಗೆ ಹೆದರಿ ನಾನು ಎಲ್ಲರಿಗೂ ಹೇಳಿದೆ, ನಿನಗೂ ಹೇಳಿದೆ. ನನ್ನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ ಮಾಮ ಇಪ್ಪತ್ತೇಳು ವರ್ಷ ನನ್ನ ಸುಳ್ಳನ್ನು ಕಾಯ್ದರು. ಅರ್ಜಿಯಲ್ಲೂ ಆ ಮಗುವಿನ ಹೆಸರು ಬರೆಯಲಿಲ್ಲ. ಆ ಮಗು ನಾನು ಎಂದು ಗೊತ್ತಿದ್ದೇ, ಇದೇ ಎಡಗೈಯಲ್ಲಿ ಹಾಳೆ ಅದುಮಿ ಹಿಡಿದು, ಅದರ ಮುಂದೆ ಸೊನ್ನೆ ಬರೆದೆ.